ಸಿರೋಸಿಸ್ ಇರುವವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವವನ್ನು ಮೊದಲೇ ಹೇಳಬಹುದೆ?

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆಯ ಊರು. ತಂದೆಗೆ 58 ವರ್ಷ. ಸೈನ್ಯದಿಂದ ನಿವೃತ್ತರಾಗಿ ಬಂದು ಕಾಫಿ ತೋಟ ನೋಡಿಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಸುಸ್ತೆಂದು ಪರೀಕ್ಷೆ ಮಾಡಿಸಿದಾಗ ಕುಡಿತದಿಂದ ಲಿವರ್ ಸಿರೋಸಿಸ್ ಆಗಿದೆ ಎಂದರು. ಆ ದಿನದಿಂದ ಕ್ಯಾಂಟೀನ್ ಬಾಟಲಿಯನ್ನು ಮುಟ್ಟಿಲ್ಲ. ಸಕ್ಕರೆ ಕಾಯಿಲೆಯೂ ಇದೆ. ಪ್ಲೇಟ್‌ಲೆಟ್ 92 ಸಾವಿರ, ಎಎಫ್‌ಪಿ 6. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಜನವರಿಯಲ್ಲಿ ಮಾಡಿಸಿದ್ದು ಸರಿಯಾಗಿತ್ತು. ಜುಲೈನಲ್ಲಿ ಮಳೆಗೆ ರಸ್ತೆಯ ಮೇಲೆ ಮರ ಬಿದ್ದು ಹೋಗಲಾಗಲಿಲ್ಲ. ಈಗ ಸೆಪ್ಟೆಂಬರ್. ‘ಕೊಯ್ಲು ಮುಗಿಯಲಿ, ಮಾರ್ಚ್‌ನಲ್ಲಿ ನೋಡೋಣ’ ಎನ್ನುತ್ತಿದ್ದಾರೆ. ಅವರಿಗೆ ಕ್ಯಾನ್ಸರ್ ಬರುವ ಸಂಭವ ಎಷ್ಟು? ಅದನ್ನು ಮೊದಲೇ ತಿಳಿಸುವ ಪರೀಕ್ಷೆ ಇದೆಯೆ? ಸಂಭವ ಕಡಿಮೆ ಇದ್ದರೆ ಸ್ಕ್ಯಾನ್ ಬಿಡಬಹುದೆ? ತೋಟದ ಕಾಫಿ ಲಿವರಿಗೆ ಒಳ್ಳೆಯದು ಎನ್ನುತ್ತಾರೆ, ನಿಜವೆ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಅವಸರವಿದೆ, ಅದನ್ನು ಮೊದಲು ಮುಗಿಸುತ್ತೇನೆ. ಮಾರ್ಚ್‌ವರೆಗೆ ಕಾಯಬೇಡಿ. ಜನವರಿಯಿಂದ ಮಾರ್ಚ್‌ಗೆ ಹದಿನಾಲ್ಕು ತಿಂಗಳಾಗುತ್ತದೆ, ಅಷ್ಟು ಅಂತರ ಬಿಟ್ಟರೆ ಆರು ತಿಂಗಳ ತಪಾಸಣೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಹೋಗಿ ಬನ್ನಿ. ಇದಕ್ಕಾಗಿ ಮೈಸೂರಿಗೇ ಹೋಗಬೇಕೆಂದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ (ಯಕೃತ್ತಿನ ಕೆಲವು ಕ್ಯಾನ್ಸರ್‌ಗಳು ಸ್ರವಿಸುವ ಪ್ರೋಟೀನ್) ರಕ್ತ ಪರೀಕ್ಷೆಯನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮಾಡಿಸಿ, ಏನಾದರೂ ಕಂಡುಬಂದರೆ ಮಾತ್ರ ಘಟ್ಟ ಇಳಿದರಾಯಿತು. ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದನ್ನು ಲೆಕ್ಕ ಸಹಿತ ಮುಂದೆ ವಿವರಿಸುತ್ತೇನೆ.

ಈಗ ಸಂಭವದ ಮಾತು. ಸಿರೋಸಿಸ್ ಎಂದರೆ ಯಕೃತ್ತಿನ ಜೀವಕೋಶಗಳು ವರ್ಷಗಟ್ಟಲೆ ಸಾಯುತ್ತ, ಉಳಿದವು ಆ ಜಾಗವನ್ನು ತುಂಬಲು ಮತ್ತೆ ಮತ್ತೆ ಒಡೆದು ಬೆಳೆಯುತ್ತ, ನಡುನಡುವೆ ಕಲೆಗಟ್ಟಿದ ನಾರಿನ ಗೋಡೆಗಳು ಎದ್ದು, ನುಣುಪಾಗಿದ್ದ ಅಂಗ ಗಂಟುಗಂಟಾಗುವುದು. ಜೀವಕೋಶ ಒಡೆಯುವ ಪ್ರತಿ ಸಲವೂ ಅದರ ವಂಶವಾಹಿಯನ್ನು ನಕಲು ಮಾಡಬೇಕಾಗುತ್ತದೆ. ನಕಲು ಹೆಚ್ಚಾದಷ್ಟೂ ತಪ್ಪುಗಳು ಹೆಚ್ಚು. ಅಂಥ ತಪ್ಪುಗಳು ಒಂದೇ ಕೋಶದಲ್ಲಿ ಕೂಡಿಬಿದ್ದು, ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುವ ಕೋಶ ಹುಟ್ಟಿದರೆ ಅದೇ ಕ್ಯಾನ್ಸರ್. ಸಿರೋಸಿಸ್‌ಗೆ ಕಾರಣ ಮದ್ಯವಾಗಲಿ, ವೈರಸ್ ಆಗಲಿ, ಕೊಬ್ಬಾಗಲಿ, ಕೊನೆಗೆ ಸೇರುವ ದಾರಿ ಬಹುಮಟ್ಟಿಗೆ ಇದೇ. ಆದರೆ ಆ ದಾರಿಯಲ್ಲಿ ಸಾಗುವ ವೇಗ ಕಾರಣದಿಂದ ಕಾರಣಕ್ಕೆ ಬೇರೆ. ಚಿಕಿತ್ಸೆಯಾಗದ ಹೆಪಟೈಟಿಸ್ ಸಿ ಇರುವ ಸಿರೋಸಿಸ್‌ನಲ್ಲಿ ವರ್ಷಕ್ಕೆ ನೂರರಲ್ಲಿ ಎರಡರಿಂದ ಐದು ಮಂದಿಗೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಮದ್ಯದಿಂದಾದ ಸಿರೋಸಿಸ್‌ನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಒಂದರಿಂದ ಮೂರರ ನಡುವೆ ಇರುತ್ತದೆ. ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದು ಆಗುವ ಸಿರೋಸಿಸ್‌ನಲ್ಲಿ ಇನ್ನೂ ಕಡಿಮೆ.

ಒಂದು ಮತ್ತು ಮೂರರ ನಡುವೆ ಅಂತರ ಸಣ್ಣದೆನಿಸಬಹುದು, ಆದರೆ ವೈದ್ಯರ ಲೆಕ್ಕದಲ್ಲಿ ಅದು ದೊಡ್ಡದು. ಸಿರೋಸಿಸ್ ಇರುವವರಿಗೆ ವರ್ಷಕ್ಕೆ ಶೇ 1.5ರಷ್ಟು ಸಂಭವ ಇದ್ದರೂ ನಿಯತ ತಪಾಸಣೆಯಿಂದ ಲಾಭವಿದೆ ಎಂಬುದು ಬಹುಕಾಲದಿಂದ ನಡೆದುಬಂದ ಗೆರೆ. ನಿಮ್ಮ ತಂದೆ ಆ ಗೆರೆಯ ಯಾವ ಕಡೆ ಇದ್ದಾರೆ ಎಂದು ಅಂದಾಜು ಮಾಡಲು ಹಲವು ಸೂತ್ರಗಳಿವೆ. ಅವುಗಳಲ್ಲಿ ಒಂದನ್ನು ಬಿಡಿಸಿ ತೋರಿಸುತ್ತೇನೆ. ಅದಕ್ಕೆ ಬೇಕಾದ ನಾಲ್ಕೂ ವಿವರಗಳು ನಿಮ್ಮ ಪತ್ರದಲ್ಲಿಯೇ ಇವೆ, ಕೂಡಿಸಲು ಕಾಗದ ಪೆನ್ಸಿಲ್ ಸಾಕು.

ಕೆನಡಾದ ಟೊರಾಂಟೊದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿರೋಸಿಸ್ ರೋಗಿಗಳ ದಾಖಲೆಗಳಿಂದ ರೂಪಿಸಿ, ನೆದರ್ಲೆಂಡ್ಸ್‌ನ ರೋಗಿಗಳ ಮೇಲೆ ಪರಖಿಸಿದ ಈ ಸೂತ್ರ 2018ರಲ್ಲಿ ಅಚ್ಚಾಯಿತು. ವಯಸ್ಸು 45ರಿಂದ 60ರ ನಡುವೆ ಇದ್ದರೆ 50 ಅಂಕ, 60 ದಾಟಿದರೆ 100. ಗಂಡಸಾದರೆ 80, ಹೆಂಗಸಾದರೆ ಸೊನ್ನೆ. ಕಾರಣ ಮದ್ಯ ಅಥವಾ ಕೊಬ್ಬಿನ ಉರಿಯೂತವಾದರೆ 54. ಹೆಪಟೈಟಿಸ್ ಬಿ ಅಥವಾ ವಾಸಿಯಾಗದ ಸಿ ಆದರೆ 97. ಪ್ಲೇಟ್‌ಲೆಟ್ ಎರಡು ಲಕ್ಷಕ್ಕಿಂತ ಹೆಚ್ಚಿದ್ದರೆ ಸೊನ್ನೆ, 140 ಸಾವಿರದಿಂದ ಎರಡು ಲಕ್ಷದವರೆಗೆ 20, 80 ಸಾವಿರದಿಂದ 139 ಸಾವಿರದವರೆಗೆ 70, ಅದಕ್ಕಿಂತ ಕೆಳಗಿಳಿದರೆ 89. ನಿಮ್ಮ ತಂದೆಯದನ್ನು ಕೂಡಿಸಿ: 50, 80, 54, 70. ಒಟ್ಟು 254. ಈ ಸೂತ್ರದಲ್ಲಿ 120ರ ಕೆಳಗಿನವರು ಕಡಿಮೆ ಅಪಾಯದವರು, 240 ದಾಟಿದವರು ಹೆಚ್ಚು ಅಪಾಯದವರು, ನಡುವಿನವರು ಮಧ್ಯಮರು. ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ಶೇ 3, ಮಧ್ಯಮ ಗುಂಪಿನಲ್ಲಿ ಶೇ 10, ಕೊನೆಯದರಲ್ಲಿ ಶೇ 32. ಎಂದರೆ ಕೊನೆಯ ಗುಂಪಿನಲ್ಲಿ ವರ್ಷಕ್ಕೆ ಸರಾಸರಿ ನೂರಕ್ಕೆ ಮೂರರಿಂದ ನಾಲ್ಕು ಮಂದಿ.

ಪ್ಲೇಟ್‌ಲೆಟ್‌ಗೂ ಕ್ಯಾನ್ಸರ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನೇರವಾದ ಸಂಬಂಧವೇನೂ ಇಲ್ಲ. ಯಕೃತ್ತು ಗಟ್ಟಿಯಾದಂತೆ ಕರುಳಿನಿಂದ ಅದಕ್ಕೆ ಬರುವ ರಕ್ತಕ್ಕೆ ದಾರಿ ಬಿಗಿಯಾಗಿ ಹಿಂದೊತ್ತಡ ಹೆಚ್ಚುತ್ತದೆ. ಆ ಒತ್ತಡದಿಂದ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ತಯಾರಾಗಲು ಬೇಕಾದ ಹಾರ್ಮೋನನ್ನು ಮಾಡುವುದೂ ಯಕೃತ್ತೇ ಆದ್ದರಿಂದ ಉತ್ಪಾದನೆಯೂ ಕುಗ್ಗುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಸಂಖ್ಯೆ ಸಿರೋಸಿಸ್ ಎಷ್ಟು ಮುಂದುವರಿದಿದೆ ಎಂಬುದರ ಅಗ್ಗದ ಅಳತೆಗೋಲು. ವಿರಾಜಪೇಟೆಯ ಸಣ್ಣ ಲ್ಯಾಬಿನಲ್ಲೂ ದೊರೆಯುವ ಈ ಒಂದು ಸಂಖ್ಯೆ ಇಂಥ ಬಹುತೇಕ ಎಲ್ಲ ಸೂತ್ರಗಳಲ್ಲಿಯೂ ಇದೆ. ಆದರೆ ಒಂದು ಎಚ್ಚರ. ಮಳೆಗಾಲದ ವೈರಲ್ ಜ್ವರದಲ್ಲಿ, ಡೆಂಗಿಯಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಬೀಳುತ್ತದೆ. ಜ್ವರದ ದಿನಗಳ ಎಣಿಕೆಯನ್ನು ಈ ಲೆಕ್ಕಕ್ಕೆ ತರಬೇಡಿ. ಆರೋಗ್ಯವಾಗಿರುವಾಗ ಮಾಡಿಸಿದ ಎರಡು ಮೂರು ಎಣಿಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಈಗ 254 ಎಂಬ ಅಂಕದ ದೌರ್ಬಲ್ಯವನ್ನೂ ನೋಡೋಣ. ಮುಂದಿನ ಸಲ ಪ್ಲೇಟ್‌ಲೆಟ್ 142 ಸಾವಿರ ಎಂದು ಬಂದರೆ 70ರ ಬದಲು 20 ಅಂಕ ಸೇರಿ ಒಟ್ಟು 204 ಆಗುತ್ತದೆ, ತಂದೆ ಮಧ್ಯಮ ಗುಂಪಿಗೆ ಇಳಿಯುತ್ತಾರೆ. ಪ್ಲೇಟ್‌ಲೆಟ್ ಈಗಿನಷ್ಟೇ ಇದ್ದು ವಯಸ್ಸು 60 ದಾಟಿದರೆ 304 ಆಗುತ್ತದೆ. ಅವರ ಯಕೃತ್ತು ಒಂದು ಹುಟ್ಟುಹಬ್ಬದ ರಾತ್ರಿಯಲ್ಲಿ ಹಾಗೆ ಬದಲಾಗುವುದಿಲ್ಲ. ಬದಲಾಗುವುದು ಸೂತ್ರದ ಮನೆಗಳು ಮಾತ್ರ. ಇನ್ನೊಂದು ಸಂಗತಿ, ಇದರಲ್ಲಿ ಸಕ್ಕರೆ ಕಾಯಿಲೆಗೆ ಅಂಕವೇ ಇಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಸುಮಾರು ಎರಡು ಪಟ್ಟು ಹೆಚ್ಚು ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡ ವಿಷಯ. ಮದ್ಯ ಮತ್ತು ಕೊಬ್ಬಿನಿಂದಾದ ಸಿರೋಸಿಸ್‌ಗೆಂದೇ ಅಮೆರಿಕದ ನಿವೃತ್ತ ಸೈನಿಕರ ದಾಖಲೆಗಳಿಂದ 2019ರಲ್ಲಿ ಸಿದ್ಧಪಡಿಸಿದ ಮತ್ತೊಂದು ಲೆಕ್ಕಾಚಾರದಲ್ಲಿ ಸಕ್ಕರೆ ಕಾಯಿಲೆ, ದೇಹತೂಕ, ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ಇವುಗಳಿಗೂ ಜಾಗವಿದೆ. ಮನೆಮನೆಯಲ್ಲೂ ನಿವೃತ್ತ ಯೋಧರಿರುವ ಕೊಡಗಿನಲ್ಲಿ ಕುಳಿತು ಅದನ್ನು ಓದಿದಾಗ ಇದು ನಮ್ಮವರಿಗೇ ಮಾಡಿದ್ದೇನೋ ಎಂದು ನನಗೆ ಒಂದು ಕ್ಷಣ ಅನಿಸಿದ್ದುಂಟು. ಆದರೆ ಅಲ್ಲಿನವರ ಆಹಾರ, ಮೈಕಟ್ಟು, ಕುಡಿತದ ರೀತಿ, ಜೊತೆಗಿರುವ ವೈರಸ್‌ಗಳು ಬೇರೆ. ಟೊರಾಂಟೊದ ಅಂಕಕ್ಕೂ ಈ ಮಾತು ಸಲ್ಲುತ್ತದೆ. ಬೇರೆ ದೇಶದವರ ಮೇಲೆ ಕಟ್ಟಿದ ಸೂತ್ರ ನಮ್ಮಲ್ಲಿ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ಸರಿಯಾಗಿಯೇ ವಿಂಗಡಿಸಬಹುದು. ಆದರೆ ‘ಹತ್ತು ವರ್ಷದಲ್ಲಿ ಶೇ 32’ ಎಂಬ ನಿರ್ದಿಷ್ಟ ಸಂಖ್ಯೆಯನ್ನು ಹಾಗೆಯೇ ಎತ್ತಿ ತಂದು ನಾಪೋಕ್ಲಿನಲ್ಲಿ ಇಡಲಾಗುವುದಿಲ್ಲ.

ವಿಂಗಡಿಸುವ ಶಕ್ತಿಯೂ ಎಷ್ಟು ಎಂದು ತಿಳಿದಿರಬೇಕು. ಮುಂದೆ ಕ್ಯಾನ್ಸರ್ ಬರಲಿರುವ ಒಬ್ಬರನ್ನೂ ಬರದೇ ಇರುವ ಒಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಯಾರ ಅಂಕ ಹೆಚ್ಚು ಎಂದು ಕೇಳಿದರೆ, ಟೊರಾಂಟೊ ಸೂತ್ರ ನೂರರಲ್ಲಿ ಸುಮಾರು 76 ಸಲ ಸರಿಯಾದವರನ್ನು ತೋರಿಸುತ್ತದೆ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ. ಹಾಗಾದರೆ ಸೂತ್ರದ ಗಳಿಕೆ 50ಕ್ಕೂ 76ಕ್ಕೂ ಇರುವ ಅಂತರವಷ್ಟೆ. ರೋಗಿಗಳ ಗುಂಪಿಗೆ ಇದು ಬಹಳ ಉಪಯುಕ್ತ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಸಾಲದು. ಹವಾಮಾನದವರು ನಾಳೆ ಜಿಲ್ಲೆಯಲ್ಲಿ ಭಾರಿ ಮಳೆ ಎಂದರೆ ಭಾಗಮಂಡಲದಲ್ಲೂ ಕುಶಾಲನಗರದಲ್ಲೂ ಒಂದೇ ಅಳತೆಯ ಮಳೆ ಎಂದು ನಾವು ಯಾರೂ ತಿಳಿಯುವುದಿಲ್ಲವಲ್ಲ. ಶೇ 32ರ ಗುಂಪಿನಲ್ಲಿಯೂ ಹತ್ತು ವರ್ಷದ ಕೊನೆಗೆ ನೂರರಲ್ಲಿ 68 ಮಂದಿಗೆ ಕ್ಯಾನ್ಸರ್ ಬಂದಿರಲಿಲ್ಲ ಎಂಬುದನ್ನು ತಂದೆಗೆ ಹೇಳುವಾಗ ಮರೆಯಬೇಡಿ. ಶೇ 3ರ ಗುಂಪಿನಲ್ಲಿಯೂ ಮೂವರಿಗೆ ಬಂದಿತ್ತು ಎಂಬುದನ್ನು ನಾನು ಮರೆಯುವುದಿಲ್ಲ.

ಆದ್ದರಿಂದ ‘ಸಂಭವ ಕಡಿಮೆ ಇದ್ದರೆ ಸ್ಕ್ಯಾನ್ ಬಿಡಬಹುದೆ’ ಎಂಬ ಪ್ರಶ್ನೆ ನಿಮ್ಮ ತಂದೆಯ ಮಟ್ಟಿಗೆ ಏಳುವುದೇ ಇಲ್ಲ. ಅವರ ಅಂಕ ಕಡಿಮೆಯದಲ್ಲ. ಕಡಿಮೆ ಬಂದಿದ್ದರೂ ಇಂದಿನ ಸ್ಥಿತಿಯಲ್ಲಿ ಸಿರೋಸಿಸ್ ಖಚಿತವಾದ, ಚಿಕಿತ್ಸೆ ತಡೆದುಕೊಳ್ಳಬಲ್ಲ ಯಾರಿಗೂ ತಪಾಸಣೆ ಬಿಡಿ ಎಂದು ನಾನು ಹೇಳುತ್ತಿರಲಿಲ್ಲ. ಅಂಕ ಉಪಯೋಗಕ್ಕೆ ಬರುವುದು ಬೇರೆ ಕಡೆ. ಯಾರಿಗೆ ಅಲ್ಟ್ರಾಸೌಂಡ್ ಸಾಲದೆ ಎಂ.ಆರ್.ಐ. ಬೇಕಾಗಬಹುದು, ಯಾರು ತಾರೀಖು ತಪ್ಪಿಸಿದರೆ ನಾವೇ ಫೋನ್ ಮಾಡಿ ಕರೆಯಬೇಕು ಎಂದು ತೀರ್ಮಾನಿಸಲು ಅದು ಒಳ್ಳೆಯ ಸಾಧನ.

ಹದಿನಾಲ್ಕು ತಿಂಗಳ ಅಂತರದ ಲೆಕ್ಕಕ್ಕೆ ಬರುತ್ತೇನೆ. ಯಕೃತ್ತಿನ ಕ್ಯಾನ್ಸರ್ ಗಂಟು ತನ್ನ ಗಾತ್ರವನ್ನು ದುಪ್ಪಟ್ಟು ಮಾಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಐದು ತಿಂಗಳು ಎಂದಿಟ್ಟುಕೊಳ್ಳಿ. ದುಪ್ಪಟ್ಟಾಗುವುದು ಘನಗಾತ್ರ. ಅಡ್ಡಳತೆ ಅಷ್ಟು ಬೇಗ ಹೆಚ್ಚುವುದಿಲ್ಲ. ಇಂದು 2 ಸೆಂಟಿಮೀಟರ್ ಇರುವ ಗಂಟು ಆರು ತಿಂಗಳಿಗೆ ಸುಮಾರು 2.6 ಸೆಂಟಿಮೀಟರ್ ಆಗುತ್ತದೆ, ಹನ್ನೆರಡು ತಿಂಗಳಿಗೆ 3.5 ದಾಟುವ ಹೊತ್ತಿಗೆ ಬರುತ್ತದೆ. ಒಳ್ಳೆಯ ಕಾಫಿ ಬೀಜ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ, ನೀವು ಅಂಗೈ ಮೇಲೆ ಇಟ್ಟು ಅಳೆಯಬಹುದು. ಎರಡು ಬೀಜದ ಉದ್ದ ಮತ್ತು ಮೂರೂವರೆ ಬೀಜದ ಉದ್ದ, ವ್ಯತ್ಯಾಸ ಇಷ್ಟೆ. ಆದರೆ ಚಿಕಿತ್ಸೆಯ ಗೆರೆ ಸರಿಯಾಗಿ ಇವೆರಡರ ನಡುವೆ ಹಾದುಹೋಗುತ್ತದೆ. ಚರ್ಮದ ಮೂಲಕ ಸೂಜಿ ತೂರಿಸಿ ಗಂಟನ್ನು ಸುಟ್ಟುಹಾಕುವ ಅಬ್ಲೇಷನ್ ಚಿಕಿತ್ಸೆ 3 ಸೆಂಟಿಮೀಟರ್ ಒಳಗಿನ ಗಂಟಿಗೆ ಚೆನ್ನಾಗಿ ಒಗ್ಗುತ್ತದೆ, 2ರ ಒಳಗಾದರೆ ಇನ್ನೂ ಚೆನ್ನ. ಯಕೃತ್ ಕಸಿಗೆ 1996ರಲ್ಲಿ ಇಟಲಿಯ ಮಿಲಾನ್‌ನಿಂದ ಬಂದ ಅಳತೆಗಳು ಇಂದಿಗೂ ಆಧಾರ: ಒಂದೇ ಗಂಟಾದರೆ 5 ಸೆಂಟಿಮೀಟರ್ ಮೀರಬಾರದು, ಹೆಚ್ಚಿದ್ದರೆ ಮೂರಕ್ಕಿಂತ ಹೆಚ್ಚಿರಬಾರದು ಮತ್ತು ಪ್ರತಿಯೊಂದೂ 3ರ ಒಳಗಿರಬೇಕು. ಇವುಗಳನ್ನು ದಾಟಿದ ಮೇಲೆಯೂ ಚಿಕಿತ್ಸೆಗಳಿವೆ, ಆದರೆ ಅವು ಬಹುಪಾಲು ತಡೆಯುವ ಚಿಕಿತ್ಸೆಗಳು, ಗುಣಪಡಿಸುವವಲ್ಲ. ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದಲ್ಲವೆ ಎಂದರೆ, ಫ್ರಾನ್ಸ್‌ನಲ್ಲಿ ಅದನ್ನೂ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಆರು ತಿಂಗಳಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ನಿಮ್ಮಲ್ಲಿ ಜನವರಿ–ಜುಲೈ ಎಂದು ಬಿದ್ದಿರುವ ಜೋಡಿಯೇ ಕೊಡಗಿಗೆ ಹೊಂದದ್ದು. ಒಂದು ಕೊಯ್ಲಿನ ನಡುವೆ ಬರುತ್ತದೆ, ಇನ್ನೊಂದು ಕಕ್ಕಡ ಮಾಸದ ಜಡಿಮಳೆಯಲ್ಲಿ ಬರುತ್ತದೆ. ನನ್ನಲ್ಲಿಗೆ ಬರುವ ಕೊಡಗಿನವರಿಗೆ ನಾನು ಎರಡು ಸಂಕ್ರಮಣಗಳನ್ನು ಹೇಳುತ್ತೇನೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮತ್ತು ಏಪ್ರಿಲ್ ಮಧ್ಯದ ಎಡಮ್ಯಾರ್ ಒಂದು, ಅಂದರೆ ಕೊಡವರ ಹೊಸ ವರ್ಷದ ದಿನ. ತುಲೆಯಿಂದ ಮೇಷಕ್ಕೆ ಸರಿಯಾಗಿ ಆರು ತಿಂಗಳು. ಎರಡರಲ್ಲೂ ರಸ್ತೆ ತೆರೆದಿರುತ್ತದೆ, ಕೊಯ್ಲಿನ ಆಳುಗಳ ಚಿಂತೆಯೂ ಇರುವುದಿಲ್ಲ. ತಲಕಾವೇರಿಗೆ ಹೋಗಿಬಂದ ವಾರದಲ್ಲಿ ಒಂದು, ಹೊಸ ವರ್ಷದ ವಾರದಲ್ಲಿ ಒಂದು ಎಂದರೆ ಮನೆಯವರೆಲ್ಲರಿಗೂ ನೆನಪಿರುತ್ತದೆ. ತಂದೆಯವರದನ್ನು ಈಗ ಮಾಡಿಸಿಬಿಟ್ಟರೆ ಮುಂದಿನದು ಏಪ್ರಿಲ್‌ಗೆ ತಾನಾಗಿ ಹೊಂದಿಕೊಳ್ಳುತ್ತದೆ. ಒಂದೆರಡು ವಾರ ಹಿಂದೆ ಮುಂದೆ ಆದರೆ ಅದಕ್ಕೆ ಗಾಬರಿ ಬೇಡ.

ಸ್ಕ್ಯಾನ್ ಮಾಡಿಸಿದರಷ್ಟೇ ಸಾಲದು, ವರದಿಯನ್ನೂ ಓದಬೇಕು. ಕತ್ತಲೆಯ ಕೋಣೆಯಲ್ಲಿ ತಣ್ಣನೆಯ ಜೆಲ್ ಹಚ್ಚಿ, ‘ಉಸಿರು ಎಳೆದು ಹಿಡಿಯಿರಿ’ ಎಂದು ಹೇಳಿ ಪಕ್ಕೆಲುಬಿನ ಸಂದಿಯಿಂದ ಪ್ರೋಬ್ ಒತ್ತುವಾಗ ವೈದ್ಯರು ಯಕೃತ್ತನ್ನು ಕೆಳಕ್ಕೆ ಇಳಿಸಲು ನೋಡುತ್ತಿರುತ್ತಾರೆ. ಏಕೆಂದರೆ ಅದರ ಬಲಭಾಗದ ನೆತ್ತಿ ಪಕ್ಕೆಲುಬು ಮತ್ತು ಶ್ವಾಸಕೋಶದ ಮರೆಯಲ್ಲಿ ಅಡಗಿರುತ್ತದೆ. ಹೊಟ್ಟೆ ದಪ್ಪವಿದ್ದರೆ, ಯಕೃತ್ತಿನಲ್ಲಿ ಕೊಬ್ಬಿದ್ದರೆ, ರೋಗಿಗೆ ಉಸಿರು ಹಿಡಿಯಲಾಗದಿದ್ದರೆ ಆ ನೆತ್ತಿ ಕಾಣುವುದಿಲ್ಲ. ಹಲವು ವರ್ಷಗಳ ಹಿಂದೆ ನಾನೇ ಒಂದು ವರದಿಯ ಕೊನೆಯ ಸಾಲನ್ನು, ‘ಗಂಟುಗಳಿಲ್ಲ’ ಎಂಬುದನ್ನು ಮಾತ್ರ ನೋಡಿ ಫೈಲ್ ಮುಚ್ಚಿದ್ದೆ. ಎರಡು ಸಾಲು ಮೇಲೆ ‘ಬಲಭಾಗದ ಮೇಲ್ತುದಿ ಸ್ಪಷ್ಟವಾಗಿ ಕಾಣಲಿಲ್ಲ’ ಎಂದು ಬರೆದಿತ್ತು. ಮುಂದಿನ ಸಲ ಗಂಟು ಕಂಡದ್ದು ಅಲ್ಲಿಯೇ. ಅಂದಿನಿಂದ ವರದಿಯನ್ನು ಕೆಳಗಿನಿಂದ ಓದುವ ಅಭ್ಯಾಸ ಬಿಟ್ಟಿದ್ದೇನೆ. ಈಗ ಕೆಲವು ಕೇಂದ್ರಗಳು ಯಕೃತ್ತು ಎಷ್ಟರ ಮಟ್ಟಿಗೆ ಕಂಡಿತು ಎಂಬುದಕ್ಕೆ ಎ, ಬಿ, ಸಿ ಎಂದು ದರ್ಜೆ ಬರೆಯುತ್ತವೆ. ‘ಸಿ’ ಎಂದಿದ್ದರೆ, ಅಥವಾ ಕಾಣಲಿಲ್ಲ ಎಂಬರ್ಥದ ಯಾವ ಮಾತಿದ್ದರೂ, ಆ ಸ್ಕ್ಯಾನ್ ಪೂರ್ಣವಾಗಿಲ್ಲ ಎಂದೇ ತಿಳಿದು ಬೇರೆ ಬಗೆಯ ಚಿತ್ರಣದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಜನವರಿಯ ವರದಿಯನ್ನು ಈಗಲೇ ತೆಗೆದು ಒಮ್ಮೆ ಓದಿ ನೋಡಿ.

ಅಲ್ಟ್ರಾಸೌಂಡಿನ ಜೊತೆಗೆ ಎಎಫ್‌ಪಿ ಏಕೆ ಎಂಬುದಕ್ಕೂ ಲೆಕ್ಕವಿದೆ. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ನೋಡಿದಾಗ, ಆರಂಭದ ಹಂತದ ಕ್ಯಾನ್ಸರ್‌ಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಶೇ 45ನ್ನು ಹಿಡಿದರೆ, ಎಎಫ್‌ಪಿ ಸೇರಿದಾಗ ಶೇ 63ನ್ನು ಹಿಡಿಯಿತು. ಎಎಫ್‌ಪಿ ಒಂದನ್ನೇ ನಂಬುವಂತಿಲ್ಲ. ಎಷ್ಟೋ ಕ್ಯಾನ್ಸರ್‌ಗಳು ಅದನ್ನು ಸ್ರವಿಸುವುದೇ ಇಲ್ಲ. ಹೆಪಟೈಟಿಸ್ ಉಲ್ಬಣಿಸಿದಾಗ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ. ತಂದೆಯ 6 ಎಂಬುದು ಸಹಜ ಮಿತಿಯೊಳಗಿದೆ; 20 ದಾಟಿದರೆ ಮುಂದಿನ ಪರೀಕ್ಷೆ ಬೇಕು ಎಂಬುದು ರೂಢಿಯ ಗೆರೆ. ಆದರೆ ನನಗೆ ಒಂದು ಸಲದ 18ಕ್ಕಿಂತ 6, 9, 15 ಎಂದು ಮೂರು ಸಲ ಏರಿದ ಸಾಲು ಹೆಚ್ಚು ಕಳವಳ ತರುತ್ತದೆ. ಅದಕ್ಕಾಗಿ ಎಲ್ಲ ವರದಿಗಳನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಗಂಟು ಕಂಡರೆ ಮುಂದೇನು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಸೆಂಟಿಮೀಟರಿಗಿಂತ ಸಣ್ಣದಾದರೆ ಮೂರು ತಿಂಗಳಲ್ಲಿ ಮತ್ತೆ ಅಲ್ಟ್ರಾಸೌಂಡ್, ಅದಕ್ಕಿಂತ ದೊಡ್ಡದಾದರೆ ಬಣ್ಣದ ಔಷಧ ಕೊಟ್ಟು ಹಲವು ಹಂತಗಳಲ್ಲಿ ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ. ಯಕೃತ್ತಿಗೆ ಹೆಚ್ಚಿನ ರಕ್ತ ಕರುಳಿನ ಕಡೆಯ ಪೋರ್ಟಲ್ ನಾಳದಿಂದ ಬಂದರೆ ಕ್ಯಾನ್ಸರ್ ಗಂಟಿಗೆ ರಕ್ತ ಅಪಧಮನಿಯಿಂದ ಬರುತ್ತದೆ. ಹಾಗಾಗಿ ಔಷಧ ಅಪಧಮನಿಯಲ್ಲಿ ಹರಿಯುವ ಮೊದಲ ಕ್ಷಣಗಳಲ್ಲಿ ಗಂಟು ಹೊಳೆದು, ಆಮೇಲೆ ಸುತ್ತಲಿನ ಯಕೃತ್ತಿಗಿಂತ ಮಸುಕಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಚಿತ್ರ ಸ್ಪಷ್ಟವಾಗಿದ್ದರೆ ಎಷ್ಟೋ ಸಲ ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿಯೇ ಬೇಕಾಗುವುದಿಲ್ಲ. ಸಾಮಾನ್ಯ ಸಿ.ಟಿ. ಸಾಲದು, ಲಿವರಿಗೆಂದೇ ಮಾಡುವ ಬಹುಹಂತದ ಸಿ.ಟಿ. ಎಂದು ಚೀಟಿಯಲ್ಲಿ ಬರೆಸಿಕೊಂಡೇ ಮೈಸೂರಿಗೋ ಮಂಗಳೂರಿಗೋ ಹೊರಡಿ.

ಮೊದಲೇ ತಿಳಿಸುವ ರಕ್ತ ಪರೀಕ್ಷೆ ಇದೆಯೆ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮಗೆ ರುಚಿಸದಿರಬಹುದು. ಲಿಂಗ, ವಯಸ್ಸು, ಎಎಫ್‌ಪಿ, ಎಎಫ್‌ಪಿಯ ಎಲ್3 ಎಂಬ ಒಂದು ಭಾಗ, ಪಿವ್ಕಾ ಎಂಬ ಇನ್ನೊಂದು ಪ್ರೋಟೀನ್ ಈ ಐದನ್ನೂ ಕೂಡಿಸುವ ಗಲಾಡ್ ಎಂಬ ಅಂಕವಿದೆ. ಅದು ಮುಖ್ಯವಾಗಿ ಈಗಾಗಲೇ ಹುಟ್ಟಿರುವ ಸಣ್ಣ ಕ್ಯಾನ್ಸರನ್ನು ಹುಡುಕುವ ಸಾಧನ, ಮುಂದೆ ಹುಟ್ಟಲಿರುವುದನ್ನು ಹೇಳುವ ಜ್ಯೋತಿಷ್ಯವಲ್ಲ. ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪ ಇರುವವರಲ್ಲಿ ಕೊಬ್ಬು ಮತ್ತು ಮದ್ಯದಿಂದಾಗುವ ಸಿರೋಸಿಸ್ ಮತ್ತು ಕ್ಯಾನ್ಸರ್ ಎರಡೂ ಹೆಚ್ಚು ಎಂಬುದು ನಿಜ. ಆದರೆ ಅದರ ಫಲಿತಾಂಶದಿಂದ ನಿಮ್ಮ ತಂದೆಗೆ ನಾನು ಹೇಳುವ ಒಂದು ಮಾತೂ ಇಂದು ಬದಲಾಗುವುದಿಲ್ಲ, ಹಾಗಾಗಿ ಹಣ ಖರ್ಚು ಮಾಡಬೇಡಿ. ಲ್ಯಾಬಿನವರು ‘ಕ್ಯಾನ್ಸರ್ ಪ್ಯಾಕೇಜ್’ ಎಂದು ಮಾರುವ ಸಿಇಎ, ಸಿಎ 19–9 ಪರೀಕ್ಷೆಗಳು ಈ ಕೆಲಸಕ್ಕೆ ಬಾರವು. ಸಿಎ 19–9 ಅಂತೂ ಸಿರೋಸಿಸ್ ಒಂದರಿಂದಲೇ ಏರಿ ಮನೆಯವರ ನಿದ್ದೆ ಕೆಡಿಸುತ್ತದೆ.

ಒಂದು ಪರೀಕ್ಷೆ ಮಾತ್ರ ನಿಜಕ್ಕೂ ಮುಖ್ಯ, ನಿಮ್ಮ ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ಕುಡಿತ ಇತ್ತು ಎಂದ ಕೂಡಲೇ ಕಾರಣ ಸಿಕ್ಕಿತು ಎಂದು ಹುಡುಕುವುದನ್ನು ನಿಲ್ಲಿಸಿಬಿಡುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಹೆಪಟೈಟಿಸ್ ಬಿ ಮತ್ತು ಸಿ ಎರಡನ್ನೂ ಪರೀಕ್ಷಿಸಿದ್ದಾರೆಯೆ ಎಂದು ಖಚಿತಪಡಿಸಿಕೊಳ್ಳಿ. ಎರಡರಲ್ಲಿ ಒಂದಿದ್ದರೂ 54ರ ಜಾಗದಲ್ಲಿ 97 ಬಂದು ಅಂಕ 297 ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡಕ್ಕೂ ಇಂದು ಮಾತ್ರೆಗಳಿವೆ. ಹೆಪಟೈಟಿಸ್ ಸಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಔಷಧ ಉಚಿತ. ವೈರಸ್ ವಾಸಿಯಾದ ಮೇಲೆ ಕ್ಯಾನ್ಸರ್ ಸಂಭವ ಬಹಳಷ್ಟು ಇಳಿಯುತ್ತದೆ, ಆದರೆ ಸಿರೋಸಿಸ್ ಆಗಿಬಿಟ್ಟಿದ್ದರೆ ಸ್ಕ್ಯಾನ್ ಮುಂದುವರಿಯಲೇಬೇಕು. ಹೆಪಟೈಟಿಸ್ ಬಿ ಇಲ್ಲವೆಂದಾದರೆ ಅದರ ಲಸಿಕೆ ಹಾಕಿಸಿ.

ತಂದೆ ಕುಡಿತ ಬಿಟ್ಟದ್ದರಿಂದ ಅಪಾಯ ಇಳಿಯುತ್ತದೆಯೆ? ಇಳಿಯುತ್ತದೆ, ಆದರೆ ನಿಧಾನವಾಗಿ. ಲಭ್ಯವಿದ್ದ ಅಧ್ಯಯನಗಳನ್ನು ಒಟ್ಟು ಸೇರಿಸಿ ಮಾಡಿದ ಒಂದು ಅಂದಾಜಿನಂತೆ ಮದ್ಯದಿಂದ ಬಂದ ಹೆಚ್ಚುವರಿ ಅಪಾಯ ವರ್ಷಕ್ಕೆ ಶೇ 6–7ರಂತೆ ಕುಗ್ಗುತ್ತದೆ. ಎರಡು ವರ್ಷ ದೊಡ್ಡ ಸಾಧನೆಯೇ, ಆದರೆ ಕ್ಯಾನ್ಸರಿನ ಲೆಕ್ಕದಲ್ಲಿ ಅದು ಆರಂಭ. ಯಕೃತ್ತಿನ ಕೆಲಸದ ಮಟ್ಟಿಗೆ ಮಾತ್ರ ಬಿಟ್ಟ ಫಲ ತಿಂಗಳುಗಳಲ್ಲಿಯೇ ಕಾಣುತ್ತದೆ. ಇಲ್ಲಿಯೇ ಒಂದು ಉಲ್ಟಾ ಮಾತನ್ನೂ ಹೇಳಬೇಕು. ಕುಡಿತ ಬಿಟ್ಟು ಯಕೃತ್ತು ಸುಧಾರಿಸಿ ಹೆಚ್ಚು ವರ್ಷ ಬದುಕುವವರು ಕ್ಯಾನ್ಸರ್ ಕಾಣಿಸಿಕೊಳ್ಳುವ ವಯಸ್ಸನ್ನೂ ತಲುಪುತ್ತಾರೆ. ಕುಡಿಯುತ್ತಲೇ ಇದ್ದವರಲ್ಲಿ ಅನೇಕರು ರಕ್ತವಾಂತಿ, ಸೋಂಕು, ಯಕೃತ್ ವೈಫಲ್ಯಗಳಿಂದ ಅದಕ್ಕೆ ಮೊದಲೇ ತೀರಿಕೊಳ್ಳುತ್ತಾರೆ. ‘ಬಿಟ್ಟಾಯಿತಲ್ಲ, ಇನ್ನೇಕೆ ಸ್ಕ್ಯಾನ್’ ಎಂದು ತಂದೆ ಕೇಳಿದರೆ, ಬಿಟ್ಟದ್ದರಿಂದಲೇ ಸ್ಕ್ಯಾನ್ ಮಾಡಿಸುವುದಕ್ಕೆ ಅರ್ಥ ಬಂದಿದೆ ಎಂದು ಹೇಳಿ.

ಕಾಫಿಯ ವಿಷಯದಲ್ಲಿ ಬೆಳೆಗಾರರಿಗೆ ಸಂತೋಷ ಕೊಡುವ ಉತ್ತರವಿದೆ. ದಿನಕ್ಕೆ ಎರಡು ಕಪ್ ಹೆಚ್ಚು ಕುಡಿಯುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಸುಮಾರು ಶೇ 35ರಷ್ಟು ಕಡಿಮೆ ಎಂದು 2017ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಕಂಡಿತು. ಅದರ ಹಿಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಫಿಯನ್ನು ‘ಕ್ಯಾನ್ಸರ್ ತರಬಹುದಾದ’ ಪಟ್ಟಿಯಿಂದ ಕೈಬಿಟ್ಟಿತು. ಈ ಅಧ್ಯಯನಗಳು ಕಾಫಿ ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿ ನೋಡಿದವು, ಕಾಫಿಯನ್ನು ಔಷಧದಂತೆ ಕೊಟ್ಟು ಪರೀಕ್ಷಿಸಿದವಲ್ಲ. ಯಕೃತ್ತು ಕೆಟ್ಟವರಿಗೆ ಕಾಫಿ ಸೇರದೆ ತಾವಾಗಿ ಬಿಟ್ಟಿರಲೂಬಹುದು. ಆದರೂ ನಾನು ಸಿರೋಸಿಸ್ ರೋಗಿಗಳಿಗೆ ದಿನಕ್ಕೆ ಎರಡು ಮೂರು ಕಪ್ ಕುಡಿಯಿರಿ ಎಂದೇ ಹೇಳುತ್ತೇನೆ. ಚಿಕೋರಿ ಬೆರೆತ ಪುಡಿಯಲ್ಲಿ ಅಷ್ಟರ ಮಟ್ಟಿಗೆ ಕಾಫಿ ಕಡಿಮೆ. ನಿಮ್ಮ ಮನೆಯ ಬೆಲ್ಲದ ಕಾಫಿ ನನಗೂ ಪ್ರಿಯ, ಆದರೆ ಸಕ್ಕರೆ ಕಾಯಿಲೆಯ ತಂದೆಗೆ ಬೆಲ್ಲ ಬಿಟ್ಟ ಕರಿಕಾಫಿಯೇ ಆಗಬೇಕು. ಜೊತೆಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿದ ನೆಲಗಡಲೆ, ಜೋಳವನ್ನು ಒರೆಸಿ ಹುರಿದು ತಿನ್ನುವುದು ಬೇಡ. ಆ ಬೂಷ್ಟಿನ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುವ ವಿಷ ಎಂಬುದು ಸಾಬೀತಾಗಿದೆ, ಹುರಿದರೆ ಪೂರ್ತಿ ಹೋಗುವುದಿಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ಪ್ಲೇಟ್‌ಲೆಟ್ 92 ಸಾವಿರ ಎಂಬುದು ಕ್ಯಾನ್ಸರಿಗಿಂತ ಹತ್ತಿರದ ಒಂದು ಅಪಾಯವನ್ನೂ ಸೂಚಿಸುತ್ತದೆ. ಗುಲ್ಮವನ್ನು ಊದಿಸಿದ ಅದೇ ಒತ್ತಡ ಅನ್ನನಾಳದ ಒಳಗಿನ ರಕ್ತನಾಳಗಳನ್ನೂ ಉಬ್ಬಿಸಿರಬಹುದು, ಅವು ಒಡೆದರೆ ಘಟ್ಟದ ರಸ್ತೆಯಲ್ಲಿ ಸಮಯವಿರುವುದಿಲ್ಲ. ನಿಮ್ಮ ಪತ್ರದಲ್ಲಿ ಎಂಡೋಸ್ಕೋಪಿಯ ಮಾತಿಲ್ಲ. ಮಾಡಿಸಿಲ್ಲವಾದರೆ ಸ್ಕ್ಯಾನಿಗೆ ಹೋದಾಗಲೇ ಅದಕ್ಕೂ ದಿನ ಗೊತ್ತುಮಾಡಿಕೊಂಡು ಬನ್ನಿ. ನಾಳಗಳು ಉಬ್ಬಿದ್ದರೆ ಒತ್ತಡ ಇಳಿಸುವ ಮಾತ್ರೆ ಅಥವಾ ನಾಳಕ್ಕೆ ಬ್ಯಾಂಡ್ ಕಟ್ಟುವುದು, ಎರಡರಲ್ಲಿ ಯಾವುದು ಎಂಬುದನ್ನು ನೋಡಿದ ವೈದ್ಯರು ಹೇಳುತ್ತಾರೆ.